ನೀರಿನ ಉಸಿರು

ಹೊಳೆಯ ಮಗ್ಗುಲಲ್ಲಿ ಬಾಳುವವರಿಗೆ ನೀರಿನೊಡನೆ ಒಂದು ಬಗೆಯ ಸಲಿಗೆ ಬೆಳೆದಿರುತ್ತದೆ. ಸಲಿಗೆ ಹೆಚ್ಚಿದಲ್ಲಿ ಕುತೂಹಲ ಕಡಿಮೆಯಾಗುವುದು ಲೋಕದ ರೂಢಿ. ಸಿರುಗುಪ್ಪದವರಾದ ನಾವೂ ಈ ಮಾತಿಗೆ ಹೊರತಲ್ಲ. ಒಂದು ಕಡೆ ತುಂಗಭದ್ರೆ. ಇನ್ನೊಂದು ಕಡೆ ಜನ ಹಗರಿ ಎಂದು ಕರೆಯುವ ವೇದಾವತಿ. ನಡುವೆ ವಿಜಯನಗರದ ಅರಸರ ಕಾಲದ ಕಾಲುವೆಗಳು, ಅಣೆಕಟ್ಟಿನ ಹೊಸ ಕಾಲುವೆಗಳು. ಅವುಗಳ ಕೆಳಗೆ ಕಣ್ಣು ಹರಿಯುವಷ್ಟು ದೂರ ಬತ್ತದ ಗದ್ದೆ. ಊರ ಹೆಸರಿಗೇ ‘ಸಿರಿಯ ಕುಪ್ಪೆ’ ಎಂದು ಅರ್ಥ ಹೇಳುವವರುಂಟು. ಆ ಸಿರಿಯೆಲ್ಲ ನೀರಿನದು. ನೀರು ಬಂದಿತೆ, ಬರಲಿಲ್ಲವೆ, ಎಷ್ಟು ದಿನ ಬಂದೀತು—ನಮ್ಮ ಮಾತುಕತೆಯಲ್ಲಿ ನೀರಿನ ಪ್ರಸ್ತಾಪ ಇಷ್ಟಕ್ಕೆ ಮುಗಿಯುತ್ತದೆ. ಬಂದ ನೀರು ಹೇಗಿದೆ ಎಂದು ಕೇಳಿದವರನ್ನು ನಾನು ಹೆಚ್ಚಾಗಿ ಕಂಡಿರಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎಸ್‌ಸಿ. ತರಗತಿಯಲ್ಲಿ ನನ್ನ ಕನ್ನಡ ಪಾಠ ಕೇಳಿದವಳು. ಬಳಿಕ ವಿಶ್ವವಿದ್ಯಾನಿಲಯವೊಂದರಲ್ಲಿ ಎಂ.ಎಸ್‌ಸಿ.ಗೆ ಸೇರಿ, ಸಿಹಿನೀರಿನ ಜೀವಿಗಳನ್ನೂ ಅವುಗಳ ಪರಿಸರವನ್ನೂ ಅಭ್ಯಾಸ ಮಾಡುವ ಪ್ರಯೋಗಶಾಲೆಯಲ್ಲಿ ತನ್ನ ಪ್ರಬಂಧಕ್ಕಾಗಿ ಕೆಲಸ ಮಾಡುತ್ತಿದ್ದಳು. ಒಂದು ಮಾರ್ಚ್ ತಿಂಗಳ ಭಾನುವಾರ ಮಧ್ಯಾಹ್ನ ಕೆಂಚನಗುಡ್ಡದ ಕಡೆ ಹೋಗಿದ್ದಾಗ ಹೊಳೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ಅವಳು ನಿಂತಿರುವುದನ್ನು ಕಂಡೆನು. ಗಾಜಿನ ಸೀಸೆಯೊಂದನ್ನು ನೀರಿನೊಳಗೆ ಮುಳುಗಿಸಿ, ಅಲ್ಲಿಯೇ ಬಿರಡೆ ಹಾಕಿ ಮೇಲೆತ್ತಿದಳು. ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಒಂದು ಗುಳ್ಳೆ ಕಂಡಿತೋ ಏನೋ, ಚೆಲ್ಲಿ ಮತ್ತೆ ತುಂಬಿದಳು. ಮೂರನೆಯ ಸಲಕ್ಕೆ ಅವಳಿಗೆ ಸಮಾಧಾನವಾಯಿತು.

“ಏನಮ್ಮಾ, ಹೊಳೆಯನ್ನೇ ಊರಿಗೆ ಹೊತ್ತುಕೊಂಡು ಹೋಗುತ್ತೀಯೇನು?” ಎಂದೆ.

“ಇಲ್ಲ ಸರ್, ಇದರಲ್ಲಿ ಆಕ್ಸಿಜನ್ ಎಷ್ಟು ಕರಗಿದೆ ಅಂತ ನೋಡ್ಬೇಕು” ಎಂದು ನಕ್ಕಳು.

ರನ್ನನ ಗದಾಯುದ್ಧವನ್ನು ವರ್ಷವರ್ಷವೂ ಪಾಠ ಹೇಳುವವನು ನಾನು. ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದನೆಂದು ಹೇಳುವಾಗ, ನೀರಿನೊಳಗೆ ಉಸಿರಾಡುವುದೆಂದರೆ ಏನೆಂಬ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಮೀನಿಗೆ ಅಂಥ ಮಂತ್ರವಿಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಅದಕ್ಕೆ ಗತಿ.

ಇಪ್ಪತ್ತೈದರ ಹರೆಯದ ಉಪಾಯ

ಆ ಕರಗಿದ ಆಮ್ಲಜನಕ ಎಷ್ಟು ಅತ್ಯಲ್ಪವೆಂಬುದನ್ನು ವಾಚಕರು ಗಮನಿಸಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ. ನೀರಿನಲ್ಲಾದರೋ, ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಮಾತ್ರ ಕರಗಬಲ್ಲುದು. ನೀರು ಬಿಸಿಯಾದಷ್ಟೂ ಕರಗುವ ಪ್ರಮಾಣ ಇಳಿಯುತ್ತದೆ. ಮೂವತ್ತು ಡಿಗ್ರಿಗೆ ಏಳೂವರೆ ಮಿಲಿಗ್ರಾಮಿನ ಸುಮಾರು. ನಮ್ಮ ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಹೊಳೆಯ ಮಡುಗಳ ನೀರು ಮೂವತ್ತನ್ನು ದಾಟುವುದು ಅಪರೂಪವಲ್ಲ. ಮೀನು ಮತ್ತು ಇತರ ಜಲಚರಗಳ ಬಾಳಿಗೆ ಲೀಟರಿಗೆ 4 ಮಿಲಿಗ್ರಾಮಿಗೆ ಕಡಿಮೆಯಿರಬಾರದೆಂದು ನಮ್ಮ ದೇಶದ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಏಳೂವರೆಗೂ ನಾಲ್ಕಕ್ಕೂ ನಡುವೆ ಇರುವ ಅಂತರದಲ್ಲಿ ಬೇಸಗೆಯ ಮೀನು ಜೀವ ಹಿಡಿದುಕೊಂಡಿರುತ್ತದೆ.

ಕಣ್ಣಿಗೆ ಕಾಣದ ಈ ವಸ್ತುವನ್ನು ಅಳೆಯುವ ಬಗೆಯನ್ನು ಅವಳು ದಡದಲ್ಲಿಯೇ ತೋರಿಸಿದಳು. ಸೀಸೆಯ ನೀರಿಗೆ ಮ್ಯಾಂಗನೀಸಿನ ಲವಣದ ದ್ರಾವಣವನ್ನು, ಬಳಿಕ ಕ್ಷಾರ ಬೆರೆತ ಅಯೊಡೈಡ್ ದ್ರಾವಣವನ್ನು ಪಿಪೆಟ್ಟಿನಿಂದ ಬಿಟ್ಟಳು. ತಿಳಿಯಾಗಿದ್ದ ನೀರಿನಲ್ಲಿ ಕಂದುಬಣ್ಣದ ಗಸಿ ಮೋಡದಂತೆ ಎದ್ದು ಮೆಲ್ಲಮೆಲ್ಲನೆ ತಳಕ್ಕಿಳಿಯಿತು. ಆಮ್ಲಜನಕ ಹೆಚ್ಚಿದ್ದರೆ ಗಸಿ ಕಡುಕಂದು, ಕಡಿಮೆಯಿದ್ದರೆ ತೆಳು, ಇಲ್ಲವೇ ಇಲ್ಲವೆಂದರೆ ಬಿಳುಪು. ಗಂಧಕಾಮ್ಲ ಹಾಕಿದೊಡನೆ ಗಸಿ ಕರಗಿ ಹೊಂಬಣ್ಣದ ನೀರಾಯಿತು. ಉಳಿದ ಲೆಕ್ಕ ಪ್ರಯೋಗಶಾಲೆಯದು: ಥಯೊಸಲ್ಫೇಟನ್ನು ತೊಟ್ಟುತೊಟ್ಟಾಗಿ ಬಿಡುತ್ತ, ಗಂಜಿಯ ಸೂಚಕ ತೋರಿಸುವ ನೀಲಿಬಣ್ಣ ಅಳಿಯುವ ಗಳಿಗೆಯನ್ನು ಕಾಯಬೇಕು. ಎಷ್ಟು ತೊಟ್ಟಿಗೆ ಬಣ್ಣ ಹೋಯಿತೆಂಬುದರಿಂದ ಆಮ್ಲಜನಕದ ಲೆಕ್ಕ ಸಿಗುತ್ತದೆ.

ಈ ವಿಧಾನಕ್ಕೆ ವಿಂಕ್ಲರ್ ವಿಧಾನವೆಂದು ಹೆಸರು. ಹಂಗೆರಿಯ ಲಾಯೋಷ್ ವಿಂಕ್ಲರ್ ಇದನ್ನು ಪ್ರಕಟಿಸಿದ್ದು 1888ರಲ್ಲಿ. ಆಗ ಆತ ಪ್ರಾಧ್ಯಾಪಕನಲ್ಲ. ಬುಡಾಪೆಸ್ಟಿನ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪದವಿಗಾಗಿ ದುಡಿಯುತ್ತಿದ್ದ ಇಪ್ಪತ್ತೈದರ ಹರೆಯದ ವಿದ್ಯಾರ್ಥಿ. ಇಂದು ನೀರಿಗೆ ಅದ್ದಿದೊಡನೆ ಅಂಕಿ ತೋರಿಸುವ ಯಂತ್ರಗಳು ಬಂದಿವೆ. ಆದರೂ ಯಂತ್ರ ಹೇಳಿದ್ದು ನಿಜವೆ ಎಂದು ಪರೀಕ್ಷಿಸಲು ಆ ಹುಡುಗನ ಸೀಸೆಯನ್ನೇ ಮತ್ತೆ ತೆಗೆಯುತ್ತಾರೆ.

ಹೊಳೆಯ ಹಳೆಯ ಕಡತ

ನಮ್ಮ ಹೊಳೆಯನ್ನು ಇವಳೇ ಮೊದಲು ಪರೀಕ್ಷಿಸಿದಳೆಂದು ಯಾರೂ ತಿಳಿಯಬಾರದು. ಅಣೆಕಟ್ಟು ಮುಗಿಯುವ ಮೊದಲೇ, 1948ರಲ್ಲಿ, ಪಿ. ಐ. ಚಾಕೋ ಮತ್ತು ಜಿ. ಕೆ. ಕುರಿಯನ್ ಅವರು ತುಂಗಭದ್ರೆಯ ಮೀನುಗಾರಿಕೆಯ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಕೇಂದ್ರ ಸರ್ಕಾರದ ಒಳನಾಡು ಮೀನುಗಾರಿಕೆ ಸಂಶೋಧನ ಸಂಸ್ಥೆಯ ಎ. ಡೇವಿಡ್ ಅವರು ಭದ್ರಾವತಿಯ ಕಾರ್ಖಾನೆಗಳ ಕೊಳೆನೀರು ಭದ್ರೆಯ ಮೀನುಗಳಿಗೆ ಏನು ಮಾಡಿತೆಂಬುದನ್ನು 1956ರಲ್ಲಿ ವರದಿ ಮಾಡಿದರು. ಅವರೇ ಸಂಗಡಿಗರೊಡನೆ ತುಂಗಭದ್ರಾ ಜಲಾಶಯದ ನೀರು, ಪ್ಲವಕಗಳು, ಮೀನುಗಾರಿಕೆ ಇವನ್ನೆಲ್ಲ ಅಭ್ಯಾಸಮಾಡಿದ ಗ್ರಂಥ 1969ರಲ್ಲಿ ಹೊರಬಂದಿತು. ಪ್ಲವಕಗಳೆಂದರೆ ನೀರಿನಲ್ಲಿ ತೇಲುತ್ತ ಬಾಳುವ, ಹೆಚ್ಚಿನವು ಬರಿಗಣ್ಣಿಗೆ ಕಾಣದ, ಸಸ್ಯ ಮತ್ತು ಪ್ರಾಣಿಗಳು. ಅವು ಹೊಳೆಯ ಹುಲ್ಲುಗಾವಲು; ಮೀನಿನ ಅನ್ನಕ್ಕೆ ಮೂಲ.

ಆ ಕಡತದ ಅನಂತರ ಹೊಳೆ ಬಹಳ ಬದಲಾಗಿದೆ. 1953ರಲ್ಲಿ ಜಲಾಶಯಕ್ಕೆ ನೀರು ತುಂಬಿಸಿದಾಗ ಅದರ ಸಾಮರ್ಥ್ಯ 132 ಟಿ.ಎಂ.ಸಿ. ಅಡಿಗಿಂತ ತುಸು ಹೆಚ್ಚು. 2016ರ ಸಮೀಕ್ಷೆಯಲ್ಲಿ ಅದು 105.79ಕ್ಕೆ ಇಳಿದಿತ್ತು, ಉಳಿದ ಜಾಗವನ್ನು ಹೂಳು ಹಿಡಿದಿದೆ. 1984ರಲ್ಲಿ ಹರಿಹರದ ಬಳಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು. ಅದರಿಂದ ಹುಟ್ಟಿದ ಜನರ ಚಳವಳಿ ಇಂದಿಗೂ ನೆನಪಿನಲ್ಲಿದೆ. 2015ರಲ್ಲಿ ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟರು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ತೂಬಿನ ಬಾಗಿಲು ಕಳಚಿ ಕೊಚ್ಚಿಹೋದಾಗ ಇಡೀ ನಾಡು ಹೊಳೆಯತ್ತ ನೋಡಿತು. ಆಗಲೂ ಕೇಳಿದ್ದು ಎಷ್ಟು ನೀರು ಹೋಯಿತೆಂದೇ.

ಕಂಪ್ಲಿಯಿಂದ ಕೆಳಕ್ಕೆ, ಸಿರುಗುಪ್ಪದ ಸೀಮೆಯಲ್ಲಿ, ನೀರುನಾಯಿಯ ಮೀಸಲು ಇಲ್ಲ. ಇಲ್ಲಿ ಇರುವುದು ಗದ್ದೆ. ಗದ್ದೆಗೆ ಸುರಿದ ಸಾರಜನಕ, ರಂಜಕದ ಗೊಬ್ಬರದಲ್ಲಿ ಪೈರು ಉಂಡು ಬಿಟ್ಟದ್ದು ಬಸಿನೀರಿನೊಡನೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುತ್ತದೆ. ಬತ್ತಕ್ಕೆ ಒಪ್ಪುವ ಗೊಬ್ಬರ ಪಾಚಿಗೂ ಒಪ್ಪುತ್ತದೆ. ಬೇಸಗೆಯಲ್ಲಿ ಹರಿವು ನಿಂತು ಹೊಳೆಯು ಮಡುಮಡುಗಳಾಗಿ ಒಡೆದಾಗ ಆ ನೀರು ಹಸಿರಾಗುತ್ತದೆ. ಈ ಹಸಿರು ನೀರಿನಲ್ಲಿ ಮೀನಿಗೆ ಉಸಿರು ಸಾಕಾಗುವುದೆ ಎಂಬುದೇ ಅವಳ ಪ್ರಬಂಧದ ವಿಷಯವಾಗಿತ್ತು.

ಮಧ್ಯಾಹ್ನದ ಸತ್ಯ

ಜನವರಿಯಿಂದ ಮಾರ್ಚಿಯವರೆಗೆ ಪ್ರತಿ ಭಾನುವಾರ ಅವಳು ಬಂದಿದ್ದಳು. ವಸತಿಗೃಹದಿಂದ ಹೊರಟು, ಬಸ್ಸು ಹಿಡಿದು, ಹೊಳೆ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಿದ್ದನು. ಮೂರು ತಿಂಗಳ ಅಂಕಿಗಳನ್ನು ಸಾಲಾಗಿ ಬರೆದಿದ್ದಳು. ಎಲ್ಲವೂ ಚೆನ್ನಾಗಿದ್ದುವು, ಹಸಿರು ಮಡುವಿನಲ್ಲಿ ಕೆಲವು ದಿನ ಆಮ್ಲಜನಕ ನೀರು ಸಾಮಾನ್ಯವಾಗಿ ಹಿಡಿಯುವುದಕ್ಕಿಂತಲೂ ಹೆಚ್ಚು. ಹಸಿರು ನೀರಿನಿಂದ ಮೀನಿಗೆ ತೊಂದರೆಯಿಲ್ಲವೆಂದು ಬರೆದು ಮುಗಿಸಬಹುದಾಗಿತ್ತು. ಪದವಿಗೆ ಅಷ್ಟು ಸಾಲದೆ ಹೋಗುತ್ತಿರಲಿಲ್ಲ.

ಅಷ್ಟು ಹೊತ್ತೂ ಹರಿಗೋಲಿನ ನೆರಳಿನಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ನಮ್ಮ ಮಾತನ್ನು ಕೇಳುತ್ತಿದ್ದ. ಅವಳು ಅವನನ್ನು ‘ತಾತ’ ಎಂದು ಕರೆಯುತ್ತಿದ್ದಳು. ಅವಳನ್ನು ಮಡುವಿನ ನಡುವಿಗೆ ಕರೆದೊಯ್ಯುತ್ತಿದ್ದವನು ಅವನೇ. ಬುಟ್ಟಿಯಂಥ ಈ ದುಂಡು ದೋಣಿಗಳನ್ನು 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಆನೆಗೊಂದಿಯ ಬಳಿ ಕಂಡು ಬರೆದಿಟ್ಟಿದ್ದಾನೆ. ಮುದುಕ ಬಲೆಯಿಂದ ತಲೆಯೆತ್ತದೆ ಹೇಳಿದ:

“ಮಟಮಟ ಮಧ್ಯಾಹ್ನ ಬಂದು ನೀರು ತುಂಬ್ಕೊಂಡು ಹೋದ್ರೆ ನಿಂಗೇನು ತಿಳೀತೈತಮ್ಮಾ? ಕೋಳಿ ಕೂಗೋ ಹೊತ್ತಿಗೆ ಬಾ. ಆವಾಗ ಮೀನೆಲ್ಲಾ ಮ್ಯಾಲೆ ಬಂದು ಬಾಯಿ ಬಿಡ್ತಾವು. ಹೊತ್ತು ಏರಿದ ಮ್ಯಾಲೆ ಏನೂ ಆಗಿಲ್ಲ ಅನ್ನಂಗೆ ತಳಕ್ಕೆ ಹೋಗ್ತಾವು.”

ಅವಳ ಮುಖ ಬಾಡಿತು. ಒಂದು ಗಳಿಗೆ ಸುಮ್ಮನಿದ್ದು, “ಹೌದಲ್ಲ ತಾತಾ” ಎಂದಳು. ಅವಳು ಓದಿದ್ದ ಪುಸ್ತಕಗಳಲ್ಲಿ ಆ ವಿಷಯ ಇಲ್ಲದಿರಲಿಲ್ಲ. ಹಗಲಿನಲ್ಲಿ ಬಿಸಿಲುಂಡು ಪಾಚಿ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ರಾತ್ರಿ ಬೆಳಕಿಲ್ಲದಾಗ ಅದೂ ಮೀನಿನಂತೆ, ನಮ್ಮಂತೆ, ಆಮ್ಲಜನಕವನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಹಸಿರೇರಿದ ನೀರಿನಲ್ಲಿ ಅಪರಾಹ್ನಕ್ಕೆ ಸಮೃದ್ಧಿ; ಸೂರ್ಯೋದಯಕ್ಕೆ ಮುಂಚಿನ ಗಳಿಗೆಯಲ್ಲಿ ಬರ. ಪುಸ್ತಕದಲ್ಲಿ ಓದಿದ್ದು ಬಸ್ಸಿನ ವೇಳೆಯ ಮುಂದೆ ಮರೆತುಹೋಗಿತ್ತು. ಅವಳ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಮಧ್ಯಾಹ್ನದ ಸತ್ಯವನ್ನು ದಿನವಿಡೀ ಸತ್ಯವೆಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಪದವಿಯ ಗಡುವು ಹತ್ತಿರವಿತ್ತು. ಮಾರ್ಗದರ್ಶಕರನ್ನು ಕೇಳಿದಾಗ, ಹಿಂದಿನ ಅಂಕಿಗಳನ್ನು ಇಟ್ಟುಕೊಂಡೇ ಮುಂಜಾನೆಯ ಅಂಕಿಗಳನ್ನು ಸೇರಿಸು, ಹಿಂದೆ ಏಕೆ ತೆಗೆಯಲಿಲ್ಲವೆಂಬುದನ್ನೂ ಬರೆ, ಎಂದರಂತೆ. ಏಪ್ರಿಲಿನಿಂದ ಅವಳು ಶನಿವಾರ ಸಂಜೆಯೇ ಬಂದು ಊರಿನಲ್ಲಿ ಉಳಿಯತೊಡಗಿದಳು. ಕತ್ತಲಲ್ಲಿ ಹೆಣ್ಣುಮಗಳನ್ನು ಹೊಳೆಗೆ ಕಳುಹಿಸಲು ಮನೆಯವರು ಮೊದಲು ಒಪ್ಪಲಿಲ್ಲ. ತಮ್ಮನು ಬ್ಯಾಟರಿ ಹಿಡಿದು ಸಂಗಡ ಹೋಗುವುದೆಂದು ಕೊನೆಗೆ ತೀರ್ಮಾನವಾಯಿತು. ಒಂದು ಭಾನುವಾರ ನಾನೂ ಹೋದೆನು.

ಅಂದು ಕಂಡದ್ದನ್ನು ಮರೆಯಲಾರೆ. ಪೂರ್ವದಲ್ಲಿ ಬೆಳಕಿನ್ನೂ ಮೂಡಿರಲಿಲ್ಲ. ಬ್ಯಾಟರಿಯ ಬೆಳಕು ಬಿದ್ದಲ್ಲೆಲ್ಲ ನೀರಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಂಗುರಗಳು. ಒಂದೊಂದು ಉಂಗುರದ ನಡುವೆ ಒಂದೊಂದು ತೆರೆದ ಬಾಯಿ. ಗೆಂಡೆಯ ಮರಿಗಳು ನೀರಿಗೂ ಗಾಳಿಗೂ ನಡುವಣ ತೆಳುವಾದ ಪದರದಲ್ಲಿ ಉಸಿರಿಗಾಗಿ ತಡಕಾಡುತ್ತಿದ್ದುವು. ಸದ್ದೇನೂ ಇರಲಿಲ್ಲ. ಅವಳು ಸೀಸೆ ತುಂಬಿದಳು, ದ್ರಾವಣಗಳನ್ನು ಬಿಟ್ಟಳು. ಮಧ್ಯಾಹ್ನ ಕಡುಕಂದಾಗಿ ಏಳುತ್ತಿದ್ದ ಗಸಿ ಅಂದು ಹಾಲಿನ ಕೆನೆಯ ಬಣ್ಣಕ್ಕೆ ನಿಂತಿತು. ಲೆಕ್ಕ ಮುಗಿಯುವ ಮೊದಲೇ ನಮಗೆ ಉತ್ತರ ತಿಳಿದಿತ್ತು.

ಖಾಲಿ ಬಿಟ್ಟ ಸಾಲು

ಅವಳ ಟಿಪ್ಪಣಿ ಪುಸ್ತಕವನ್ನು ತಿರುವಿ ನೋಡಿದಾಗ ಮೇ ತಿಂಗಳ ಒಂದು ಸಾಲು ಖಾಲಿಯಿತ್ತು. ಅಂಕಿ ಇರಬೇಕಾದ ಜಾಗದಲ್ಲಿ “ಸೀಸೆ ಒಡೆಯಿತು” ಎಂದಷ್ಟೆ ಬರೆದಿದ್ದಳು. ಹಿಂದಿನ ವಾರದ್ದನ್ನೂ ಮುಂದಿನ ವಾರದ್ದನ್ನೂ ಕೂಡಿಸಿ ಅರ್ಧಮಾಡಿ ಬರೆದಿದ್ದರೆ ಕೇಳುವವರಾರೂ ಇರಲಿಲ್ಲ. ನಾನು ಅನೇಕ ಪ್ರಬಂಧಗಳನ್ನು ಓದಿದ್ದೇನೆ. ಸಾಹಿತ್ಯದ ಪ್ರಬಂಧಗಳಲ್ಲಿ ಹೀಗೆ ಖಾಲಿ ಬಿಟ್ಟ ಸಾಲನ್ನು ಕಂಡದ್ದು ಕಡಿಮೆ. ತಿಳಿಯದ ಕಡೆ ನಾವು ವಿಶೇಷಣಗಳನ್ನು ತುಂಬುತ್ತೇವೆ.

ವಿದ್ಯಾರ್ಥಿಯ ಕೆಲಸವೆಂದರೆ ಪದವಿಗಾಗಿ ಮಾಡುವ ಅಭ್ಯಾಸ, ನಿಜವಾದ ಸಂಶೋಧನೆ ಅನಂತರದ್ದು, ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದ ರೇಮಂಡ್ ಲಿಂಡ್‌ಮನ್ ಎಂಬ ತರುಣನ ಕಥೆ ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಮಿನೆಸೋಟದಲ್ಲಿ ಡಾಕ್ಟರೇಟಿಗಾಗಿ ಅವನು ಆರಿಸಿಕೊಂಡದ್ದು ಸೀಡರ್ ಬಾಗ್ ಎಂಬ, ಹೂಳು ತುಂಬುತ್ತ ಬಂದಿದ್ದ ಒಂದು ಸಣ್ಣ ಕೆರೆ. ಹೆಂಡತಿ ಎಲೆನರ್ ಅವನಿಗೆ ನೆರವಾದಳು. ಬಿಸಿಲಿನ ಶಕ್ತಿ ಪಾಚಿಗೆ, ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಸಾಗುವಾಗ ಮೆಟ್ಟಿಲಿಗೊಮ್ಮೆ ಎಷ್ಟು ಉಳಿಯುತ್ತದೆ, ಎಷ್ಟು ಸೋರುತ್ತದೆ ಎಂದು ಅವನು ಲೆಕ್ಕ ಹಾಕಿದನು. ಅವನ ಲೇಖನವನ್ನು ಪರಿಶೀಲಿಸಿದ ಹಿರಿಯರು ಅದನ್ನು ಒಪ್ಪಲಿಲ್ಲ. ಯೇಲ್ ವಿಶ್ವವಿದ್ಯಾನಿಲಯದ ಹಚಿನ್‌ಸನ್—1932ರಲ್ಲಿ ನಮ್ಮ ಲಡಾಖಿನ ಸರೋವರಗಳನ್ನು ಅಭ್ಯಾಸಮಾಡಿ ಹೋದವರು—ತರುಣನ ಪರವಾಗಿ ವಾದಿಸಿದರು. ಲೇಖನ 1942ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಲಿಂಡ್‌ಮನ್ ಆ ಜೂನ್ ತಿಂಗಳಲ್ಲಿಯೇ, ಇಪ್ಪತ್ತೇಳು ತುಂಬುವ ಮೊದಲೇ, ಕಾಯಿಲೆಯಿಂದ ತೀರಿಕೊಂಡಿದ್ದನು. ಇಂದು ಶಾಲೆಯ ಹುಡುಗರು ಓದುವ ಆಹಾರ ಸರಪಣಿಯ ಪಾಠದ ಹಿಂದೆ ಆ ಕೆರೆಯಿದೆ.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನದೇ ಒಂದು ನೋವಿನ ನಿದರ್ಶನವುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಪಶ್ಚಿಮ ಘಟ್ಟದ ಕಪ್ಪೆಗಳ ಅನೇಕ ಹೊಸ ಜಾತಿಗಳನ್ನು ಅವರು ಮೊದಲು ವರ್ಣಿಸಿದರು. ಆ ವರ್ಣನೆಗೆ ಆಧಾರವಾಗಿದ್ದ, ಸೀಸೆಗಳಲ್ಲಿ ಕಾಪಿಟ್ಟ ಮೂಲ ಮಾದರಿಗಳು ಮುಂದೆ ಕಳೆದುಹೋದುವು. 1920ರಲ್ಲಿ ಅವರು ವರ್ಣಿಸಿದ ಕೊಡಗಿನ ಒಂದು ಕಪ್ಪೆಯನ್ನು ಮತ್ತೆ ಕಂಡದ್ದು 2011ರಲ್ಲಿ ಪ್ರಕಟವಾಯಿತು. ನಡುವೆ ತೊಂಬತ್ತೊಂದು ವರ್ಷ. ಕಂಡುಹಿಡಿದರೆ ಸಾಲದು, ಕಾಪಾಡಲೂ ಬೇಕು.

ಯಾರಿಗೆ ಹೇಳಬೇಕು?

ಪ್ರಬಂಧ ಸಿದ್ಧವಾಯಿತು. ಇಂಗ್ಲಿಷಿನಲ್ಲಿ ಬರೆದ ಅದರ ಪ್ರತಿಗಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದುವು. ಅವಳು ನನ್ನ ಬಳಿಗೆ ಬಂದು, “ಸರ್, ತಾತನಿಗೆ ಒಂದು ಪುಟ ಕನ್ನಡದಲ್ಲಿ ಬರೆದು ಓದಿ ಹೇಳ್ಬೇಕು, ಸಹಾಯ ಮಾಡಿ” ಎಂದಳು. ನಾನು ಉತ್ಸಾಹದಿಂದ ಲೇಖನಿ ಹಿಡಿದೆನು. ‘ವಿಲೀನ ಆಮ್ಲಜನಕದ ದೈನಂದಿನ ಏರಿಳಿತ’ ಎಂದು ಬರೆದು, ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗಿದೆನು.

ಹೊಳೆಯ ದಡದಲ್ಲಿ ಅವಳು ಅದನ್ನು ಓದಿದಳು. ಮುದುಕ ಮರ್ಯಾದೆಗೆಂದು ತಲೆಯಾಡಿಸಿದ. ಮುಖದಲ್ಲಿ ಏನೂ ಮೂಡಲಿಲ್ಲ. ಅವಳು ಹಾಳೆಯನ್ನು ಮಡಿಸಿಟ್ಟು, “ತಾತಾ, ರಾತ್ರಿ ಪಾಚಿ ನೀರಿನ ಉಸಿರೆಲ್ಲಾ ಕುಡಿದುಬಿಡ್ತದೆ. ಬೆಳಗಾಗೋ ಹೊತ್ತಿಗೆ ಮೀನಿಗೆ ಏನೂ ಉಳಿಯೋದಿಲ್ಲ” ಎಂದಳು.

“ಅದನ್ನೇ ಅಲ್ಲೇನಮ್ಮಾ ನಾನು ಹೇಳಿದ್ದು?” ಎಂದ ಮುದುಕ.

“ನೀನು ಹೇಳಿದ್ದು ಮೀನು ಬಾಯಿ ಬಿಡ್ತಾವೆ ಅಂತ. ಯಾಕೆ ಬಿಡ್ತಾವೆ, ಎಷ್ಟು ಹೊತ್ತಿಗೆ ಎಷ್ಟು ಕಡಿಮೆ ಆಗ್ತದೆ ಅನ್ನೋದನ್ನು ನಾನು ಬರೆದಿದ್ದೀನಿ.”

ಮುದುಕ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಪಾಚಿಗೆ ಉಣ್ಣೋಕೆ ಹಾಕೋರು ಯಾರು?” ಎಂದು ಕೇಳಿದ. ಅವನ ಮಗನೂ ಎರಡು ಎಕರೆ ಬತ್ತ ಮಾಡುತ್ತಾನೆ. ಗೊಬ್ಬರದ ಮಾತು ಬಂದಿತು. ಹಾಕಿದ್ದೆಲ್ಲ ಪೈರಿಗೆ ಹೋಗುವುದಿಲ್ಲ, ಉಳಿದದ್ದು ಇಲ್ಲಿಗೇ ಬರುತ್ತದೆ ಎಂದು ಅವಳು ಹೇಳಿದಾಗ ಅವನು ಮಡುವನ್ನೇ ಬಹಳ ಹೊತ್ತು ನೋಡಿದ. ಹೊರಡುವಾಗ ಕೇಳಿದ: “ಬರೋ ಬ್ಯಾಸಿಗಿಗೂ ಬರ್ತೀಯೇನಮ್ಮಾ?”

ಅವಳಲ್ಲಿ ಉತ್ತರವಿರಲಿಲ್ಲ. ಎಂ.ಎಸ್‌ಸಿ. ಎರಡು ವರ್ಷದ್ದು. ಅವಳು ಕೆಲಸ ಹುಡುಕಬೇಕು.

ಆ ಪ್ರಶ್ನೆ ನನ್ನ ಸಂಗಡ ಮನೆಗೆ ಬಂದಿತು. ವಿದ್ಯಾರ್ಥಿಗಳು 1969ರ ಗ್ರಂಥದಂಥ ಕೆಲಸವನ್ನು ಒಂದು ಬೇಸಗೆಯಲ್ಲಿ ಮಾಡಲಾರರು, ನಿಜ. ಆದರೆ ಒಂದು ಕಾಲೇಜು ಮೂವತ್ತು ಬೇಸಗೆ ಒಂದೇ ಮಡುವಿಗೆ ಹೋಗಬಲ್ಲುದು. ಯಂತ್ರಗಳು ದುಬಾರಿಯೆಂಬ ಮಾತೂ ಪೂರ್ತಿ ನಿಜವಲ್ಲ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳಶಾಸ್ತ್ರಜ್ಞ ಆಂಜೆಲೊ ಸೆಕ್ಕಿ ಸಮುದ್ರದ ನೀರಿನ ತಿಳಿತನವನ್ನು ಅಳೆಯಲು ಹಗ್ಗಕ್ಕೆ ಕಟ್ಟಿದ ಬಿಳಿಯ ತಟ್ಟೆಯನ್ನು ಇಳಿಬಿಟ್ಟನು. ಕೆರೆಗಳಿಗಾಗಿ ಅದನ್ನು ಇಪ್ಪತ್ತು ಸೆಂಟಿಮೀಟರ್ ಅಗಲದ, ಕಪ್ಪು ಬಿಳಿ ಕಾಲುಭಾಗಗಳ ತಟ್ಟೆಯಾಗಿ ಇಂದಿಗೂ ಬಳಸುತ್ತಾರೆ. ಅದು ಕಣ್ಣಿಗೆ ಮರೆಯಾಗುವ ಆಳವೇ ಅಳತೆ. ನಮ್ಮೂರಿನ ಯಾವ ಬಡಗಿಯೂ ಅದನ್ನು ಮಾಡಿಕೊಡಬಲ್ಲ. ಸಿರುಗುಪ್ಪದ ಕೃಷಿ ಸಂಶೋಧನ ಕೇಂದ್ರ ತುಂಗಭದ್ರಾ ಯೋಜನೆಗಿಂತಲೂ ಹಳೆಯದು. ಕಪ್ಪುನೆಲಕ್ಕೆ ನೀರು ಹಾಯಿಸಿದರೆ ಏನಾಗುವುದೆಂದು ಹೊಸ ಕಾಲುವೆ ಬರುವ ಮೊದಲೇ ಇಲ್ಲಿ ಕೇಳಿದವರಿದ್ದರು. ನೆಲದ ವಿಷಯದಲ್ಲಿ ತೋರಿದ ಆ ಮುಂದಾಲೋಚನೆ ನೀರಿಗೂ ಸಲ್ಲಬೇಕಲ್ಲವೆ?

ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಕನ್ನಡ ಗ್ರಂಥವಾಗಿಸಿದರು; ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಸ್ಯಗಳಿಗೆ ಸಿಕ್ಕ ಆ ಭಾಗ್ಯ ನಮ್ಮ ಹೊಳೆಯ ಪಾಚಿಗೂ ಗೆಂಡೆಗೂ ಎಂದಾದರೂ ಸಿಕ್ಕೀತು. ಅದಕ್ಕೆ ಮೊದಲು ಅಂಕಿಗಳು ಬೇಕು.

ನಮ್ಮ ಕಾಲೇಜಿನಲ್ಲಿ ಒಂದು ದಪ್ಪ ರಿಜಿಸ್ಟರನ್ನು ತಂದಿರಿಸಿದ್ದೇವೆ. ತಾರೀಖು, ಗಳಿಗೆ, ನೀರಿನ ಉಷ್ಣತೆ, ತಟ್ಟೆ ಮರೆಯಾದ ಆಳ, ಆಮ್ಲಜನಕ, ಬರೆದವರ ಸಹಿ—ಇಷ್ಟು ಕಲಮುಗಳು. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಸೀಸೆಗಳ ಹೊಣೆ ಹೊತ್ತಿದ್ದಾರೆ. ಕಲಮುಗಳ ಹೆಸರನ್ನು ಕನ್ನಡದಲ್ಲಿ ಬರೆಯುವ ಹೊಣೆ ನನ್ನದು. ಆಮ್ಲಜನಕದ ಕಲಮಿನ ಮೇಲೆ ‘ವಿಲೀನ’ ಎಂದು ಬರೆದಿದ್ದೆನು; ಅದನ್ನು ಹೊಡೆದು ‘ನೀರಿನ ಉಸಿರು’ ಎಂದು ತಿದ್ದಿದ್ದೇನೆ. ಮೊದಲ ಪುಟದಲ್ಲಿ ಅವಳ ಅಂಕಿಗಳನ್ನು, ಸೀಸೆ ಒಡೆದ ದಿನದ ಖಾಲಿ ಸಾಲಿನೊಡನೆ, ನಕಲು ಮಾಡಿಸಿದ್ದೇವೆ. ಎರಡನೆಯ ಪುಟ ಈ ಬೇಸಗೆಗೆ ಆರಂಭವಾಗಬೇಕು. ಕೋಳಿ ಕೂಗುವ ಹೊತ್ತಿಗೆ ಏಳಲು ಒಪ್ಪಿದ ಹುಡುಗರು ಸದ್ಯಕ್ಕೆ ನಾಲ್ವರು.